ಶಂಭುಲಿಂಗನೂ ಅತ್ತೆಯವರ ಕಿಡ್ನಿಯೂ

ನಮ್ಮ ಮನೆತನ ಈ ಪೇಟೆಗೆ ಹೊಸದಲ್ಲ. ಮಾವನವರ ತಾತ ಶಾಲೆಗೆ ಜಾಗ ಬಿಟ್ಟುಕೊಟ್ಟವರು. ಮಾವನವರು ಪುರಸಭೆಯ ಅಧ್ಯಕ್ಷರಾಗಿದ್ದವರು. ನಾನು ಕಾನ್ವೆಂಟಿನಲ್ಲಿ ಓದಿ ಈ ಮನೆಗೆ ಸೊಸೆಯಾಗಿ ಬಂದವಳು. ಇಂಥ ಮನೆಯಲ್ಲಿ ಹುಟ್ಟಿದವನು ನನ್ನ ಮೈದುನ ಶಂಭುಲಿಂಗ. ಮೀಸೆ ನರೆತಿದೆ, ಬುದ್ಧಿ ಇನ್ನೂ ಮೊಳೆತಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ. ಅತ್ತೆ ಸರ್ವಮಂಗಳಮ್ಮನವರು ಹಣೆ ಚಚ್ಚಿಕೊಂಡು ಸಾಕಾಗಿದ್ದಾರೆ.

ನಾನು ತವರಿಗೆ ಹೋಗಿದ್ದಾಗ ಅತ್ತೆಗೆ ಮಂಡಿನೋವು ಬಂತು. ಶಂಭುಲಿಂಗ ಎದುರುಗಡೆಯ ಔಷಧಿ ಅಂಗಡಿಗೆ ಹೋದ. ಅಂಗಡಿಯ ಗುರುಮಲ್ಲಪ್ಪನವರು ಡಾಕ್ಟರ ಚೀಟಿ ಕೇಳಲಿಲ್ಲ. ನೋವಿನ ಮಾತ್ರೆ ಕೊಟ್ಟು, "ಏನಾದರೂ ತಿಂದಮೇಲೆ ಒಂದು ಕೊಡು" ಎಂದರು.

ಅತ್ತೆ ಇಡ್ಲಿ ತಿಂದರು, ಒಂದು ಮಾತ್ರೆ. ಬಾಳೆಹಣ್ಣು ತಿಂದರು, ಒಂದು ಮಾತ್ರೆ. ಬಿಸ್ಕತ್ತು ತಿಂದರು, ಇನ್ನೊಂದು ಮಾತ್ರೆ.

ನಾನು ಹಿಂದಿರುಗುವಷ್ಟರಲ್ಲಿ ಅವರ ಪಾದ ಊದಿತ್ತು, ಮೂತ್ರ ಕಡಿಮೆಯಾಗಿತ್ತು. ಡಾಕ್ಟರ್ ವನಮಾಲಾ ರಕ್ತ ಪರೀಕ್ಷೆ ಮಾಡಿಸಿದರು. "ಈ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತೆ. ಈಗ ನಿಲ್ಲಿಸಿದರೆ ಸುಧಾರಿಸಬಹುದು. ಮುಂದುವರಿಸಿದರೆ ಡಯಾಲಿಸಿಸ್ಸೇ ಗತಿ" ಎಂದರು.

"ಅಯ್ಯೋ ಪೆದ್ದಾ, ನನ್ನ ಕಿಡ್ನಿ ತಿಂದೆಯಲ್ಲೋ" ಎಂದು ಅತ್ತೆ ಬೈದರು. "ಇನ್ನು ಯಾವ ಮಾತ್ರೆಯಾದರೂ ಮೊದಲು ಡಾಕ್ಟರಿಗೆ ತೋರಿಸು."

ಮತ್ತೆ ನೋವು ಬಂತು. ಶಂಭುಲಿಂಗ ಅದೇ ಅಂಗಡಿಗೆ ಹೋದ, ಅದೇ ಮಾತ್ರೆ ತಂದ. ಡಾಕ್ಟರ ಕ್ಲಿನಿಕ್ಕಿನ ಕಿಟಕಿಯ ಹತ್ತಿರ ನಿಂತು ಮಾತ್ರೆಯನ್ನು ಎತ್ತಿ ಹಿಡಿದ. ಒಳಗೆ ಅವರು ಯಾರದೋ ಮಗುವಿನ ಎದೆ ಪರೀಕ್ಷಿಸುತ್ತಿದ್ದರು. ಇವನು ಮನೆಗೆ ಬಂದು ತಾಯಿಗೆ ಕೊಟ್ಟ.

ಅತ್ತೆ ನುಂಗಿ ಕೇಳಿದರು, "ಡಾಕ್ಟರಿಗೆ ತೋರಿಸಿದೆಯೇನೋ?"

"ತೋರಿಸಿದೆ."

"ಏನಂದರು?"

"ಏನೂ ಅನ್ನಲಿಲ್ಲ. ಅವರು ಈ ಕಡೆ ತಿರುಗಲೇ ಇಲ್ಲ."

"ತೋರಿಸಿದರೆ ಸಾಲದು ಕಣೋ. ಕೇಳಬೇಕು. ಅವರು ಹೇಳಿದಂತೆ ಮಾಡಬೇಕು."

ಹೋಗಿ ಕೇಳಿದ. ಡಾಕ್ಟರು, "ಮಾತ್ರೆ ನಿಲ್ಲಿಸಿ, ಮಂಡಿಗೆ ಶಾಖ ಕೊಡಿ" ಎಂದರು. ಶಂಭುಲಿಂಗ ಮನೆಗೆ ಬಂದು ಅತ್ತೆಯವರು ದಿನಾ ನುಂಗುವ ಬಿ.ಪಿ. ಮಾತ್ರೆಯನ್ನೂ ಸೇರಿಸಿ ಎಲ್ಲವನ್ನೂ ಬಚ್ಚಲಿಗೆ ಸುರಿದ. ವಾರದೊಳಗೆ ಅತ್ತೆಗೆ ತಲೆ ಸುತ್ತಿತು. ಡಾಕ್ಟರು ನನ್ನನ್ನೇ ಕರೆದು ಗದರಿದರು: "ಬಿ.ಪಿ. ಏರಿದರೂ ಪೆಟ್ಟು ಕಿಡ್ನಿಗೇ ತಾನೇ? ಈಗಲೇ ಅದು ಅರ್ಧ ಮಾತ್ರ ಕೆಲಸ ಮಾಡ್ತಿದೆ. ಅದನ್ನಾದರೂ ಉಳಿಸಿಕೊಳ್ಳಿ." ಈ ಮನೆಯ ಸೊಸೆಯನ್ನು ಯಾರೂ ಹಾಗೆ ಗದರಿದ್ದಿಲ್ಲ. ಆದರೆ ಡಾಕ್ಟರು ಹೇಳಿದ್ದು ಸರಿಯಾಗಿಯೇ ಇತ್ತು.

ಅತ್ತೆ ಮಗನನ್ನು ಕೂರಿಸಿ ಬಿಡಿಸಿ ಹೇಳಿದರು: "ಬಿ.ಪಿ. ಮಾತ್ರೆ ಇರಲಿ. ಆ ನೋವಿನ ಮಾತ್ರೆ ಮಾತ್ರ ನಮ್ಮ ಹೊಸ್ತಿಲು ದಾಟಿ ಒಳಗೆ ಬರಕೂಡದು. ತಿಳಿಯಿತೇನೋ?"

"ತಿಳಿಯಿತಮ್ಮ."

ಮೊನ್ನೆ ಸಂಜೆ ಅತ್ತೆ ಮತ್ತೆ ನರಳಿದರು. ಶಂಭುಲಿಂಗ ಕುರ್ಚಿಯನ್ನು ಬೀದಿಯಂಚಿಗೆ ಹಾಕಿದ. "ಗಾಳಿಗೆ ಕೂತುಕೋ ಬಾಮ್ಮ" ಎಂದು ತಾಯಿಯನ್ನು ನಡೆಸಿಕೊಂಡು ಹೋಗಿ ಕೂರಿಸಿದ. ಅಂಗಡಿಗೆ ಹೋಗಿ ಬಂದು ಅದೇ ನೋವಿನ ಮಾತ್ರೆಯನ್ನು ಅವರ ಕೈಗಿಟ್ಟ. ಅತ್ತೆಗೆ ಕಣ್ಣು ಮಂದ, ಬಿ.ಪಿ. ಮಾತ್ರೆ ಎಂದುಕೊಂಡು ಬಾಯಿಗೆ ಹಾಕಿಕೊಂಡರು. ನಾನು ಓಡಿಬಂದು ಉಗುಳಿಸಿದೆ.

"ಏನೋ ಇದು?"

"ಹೊಸ್ತಿಲು ದಾಟಿಸಲಿಲ್ಲ ಅತ್ತಿಗೆ. ಅಮ್ಮನನ್ನೇ ಹೊರಗೆ ತಂದೆ."

ಓಡಾಡುವವರೆಲ್ಲ ನಿಂತು ನೋಡುತ್ತಿದ್ದರು. ಗುರುಮಲ್ಲಪ್ಪನವರು ಅಂಗಡಿಯಿಂದಲೇ ನಕ್ಕು, "ಏನಮ್ಮಾ, ದೊಡ್ಡಮನೆಯವರು ಔಷಧಿಯನ್ನು ಬೀದಿಯಲ್ಲೇ ತಗೊಳ್ತೀರಾ?" ಎಂದರು.

ಶಂಭುಲಿಂಗ ಪೆದ್ದ. ಅದು ಪೇಟೆಗೆಲ್ಲ ಗೊತ್ತು, ಗುರುಮಲ್ಲಪ್ಪನವರಿಗೂ ಗೊತ್ತು. ಅವರು ಪೆದ್ದರಲ್ಲ, ಔಷಧಿಯ ವಿಷಯವನ್ನೇ ಓದಿದವರು. ಆದರೂ ಅವನು ಹೋದಾಗಲೆಲ್ಲ ಚೀಟಿ ಕೇಳದೆ ಕೊಟ್ಟರು. ಅವರು ನಮ್ಮ ಮನೆಗೆ ಬಂದು, ನನ್ನನ್ನಲ್ಲ, ಅತ್ತೆಯವರನ್ನು ಕ್ಷಮೆ ಕೇಳಬೇಕು.