ಮೋಡದ ದಿನ ಓಡಿದ ಮೋಟರು

ಮಾರ್ಚ್ ಹನ್ನೆರಡು. ಬೆಳಗಿನಿಂದ ಮೋಡ, ಗಾಳಿ ಇಲ್ಲ. ಮೆಣಸಿನಕಾಯಿ ಹೊಲ ಹೂಬಿಟ್ಟಿತ್ತು. ಬಾವಿಯಲ್ಲಿ ಇನ್ನೊಂದೇ ಸಲ ಹಾಯಿಸುವಷ್ಟು ನೀರಿತ್ತು.

"ಕರೆಂಟ್ ಬಂತು! ನಾನು ಹೊರಟೆ!" ಎಂದಿತು ಮೋಟರು. ಕರೆಂಟ್ ಬಂದೊಡನೆ ತಾನೇ ಓಡುವಂತೆ ಯಜಮಾನ ಅದಕ್ಕೆ ಆಟೋ ಸ್ಟಾರ್ಟರ್ ಹಾಕಿಸಿದ್ದ.

ದಿನವೂ ಎಷ್ಟು ನೀರು ಆವಿಯಾಯಿತೆಂದು ಅಳೆಯುವ ತಟ್ಟೆ ಕೂಗಿತು: "ತಡಿ ಮಾರಾಯ! ಇವತ್ತು ಆವಿಯಾದದ್ದು ಎರಡೇ ಮಿಲಿಮೀಟರ್. ಗಿಡಕ್ಕೆ ಮೊನ್ನೆಯ ನೀರೇ ಸಾಕು. ಬಾವಿಯ ನೀರು ಬಿಸಿಗಾಳಿಯ ದಿನಕ್ಕಿರಲಿ."

"ಕೂತಲ್ಲೇ ಕೂತವನೇ, ನಿನ್ನ ಲೆಕ್ಕಕ್ಕೆ ಕರೆಂಟ್ ಕಾಯುತ್ತದೆಯೇ?" ಎಂದು ನಕ್ಕ ಮೋಟರು ಬಾವಿಯನ್ನು ಬರಿದು ಮಾಡಿತು.

ಆರನೆಯ ದಿನ ಬಿಸಿಗಾಳಿ ಬೀಸಿತು.

"ಒಂಬತ್ತು ಮಿಲಿಮೀಟರ್! ಈಗ ಓಡು!" ಎಂದಿತು ತಟ್ಟೆ. ಮೋಟರು ಓಡಿತು. ಪೈಪಿನಿಂದ ಬರೀ ಗಾಳಿ ಬಂತು.

"ಗಿಡವೇ, ಹೇಗಿದ್ದೀಯ?" ಎಂದು ಮೋಟರು ಕೇಳಿತು.

"ನಿನ್ನ ಅವತ್ತಿನ ಸಡಗರಕ್ಕೆ ನನ್ನ ಹೂವಷ್ಟೂ ಹೋಯಿತಣ್ಣ."