ಕಾಶವ್ವನ ಹೊಸ ಹಂಚು

ಬಾದಾಮಿಯಲ್ಲಿ ಬಸಲಿಂಗವ್ವ ಎಂಬಾಕೆ ಒಂದು ಖಾನಾವಳಿ ನಡೆಸುತ್ತಿದ್ದಳು. ಗುಹೆ ನೋಡಲು ಬಂದ ಪರದೇಶದವರು ಹಸಿದು ಅವಳ ಬಾಗಿಲಿಗೂ ಬರುತ್ತಿದ್ದರು. ಕೈಸನ್ನೆ ಮಾಡಿ ಮಾಡಿ ಸಾಕಾಗಿ, ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಆಕೆ ಹೆರಕಲ್ ಮಾಸ್ತರರ ಇಂಗ್ಲಿಷ್ ಕ್ಲಾಸಿಗೆ ಹೋಗತೊಡಗಿದಳು. ಇಂಗ್ಲಿಷ್ ನಿಧಾನವಾಗಿ ಬರುತ್ತಿತ್ತು. ಸಂಶಯ ಮಾತ್ರ ಯಾರೂ ಕಲಿಸದೆಯೇ ಬಂದುಬಿಟ್ಟಿತ್ತು.

ಈಗ ಆ ಸಂಶಯವೆಲ್ಲ ಕಾಶವ್ವನ ಮೇಲೆ. ಕಾಶವ್ವ ಖಾನಾವಳಿ ಶುರುವಾದ ದಿನದಿಂದ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿದು ಹಂಚಿನ ಮೇಲೆ ಸುಡುವವಳು. ಅಂಥವಳು ಈಚೆಗೆ ಊಟದ ಹೊತ್ತು ಮುಗಿದದ್ದೇ ತಡ, ಸೆರಗಿನಡಿ ಏನೋ ಮುಚ್ಚಿಕೊಂಡು ಮನೆಗೆ ಓಡುತ್ತಿದ್ದಳು. ಎಣ್ಣೆ ಡಬ್ಬಿ ಬೇಗ ಬರಿದಾಗುತ್ತಿತ್ತು. ಉಳ್ಳಾಗಡ್ಡಿ ಬುಟ್ಟಿ ತಗ್ಗುತ್ತಿತ್ತು. ಅವಳ ಹಿತ್ತಲಿನಿಂದ ದಿನಾ ಹೊಗೆ ಏಳುತ್ತಿತ್ತು. ಒಬ್ಬಂಟಿ ಹೆಂಗಸಿಗೆ ಅಷ್ಟೊಂದು ಹೊತ್ತು ಒಲೆ ಯಾಕೆ?

ಕಾಯಿಪಲ್ಲೆ ಮಾರುವ ಮಹಾನಂದಾ ಕಿವಿ ಊದಿದಳು. “ಅಕಿ ಬ್ಯಾರೆ ಖಾನಾವಳಿ ಇಡಾಕ ಹೊಂಟಾಳ ನೋಡವ್ವಾ. ಹೊಸಾ ಹಂಚು ಹೊತ್ಕೊಂಡು ಹೋಗೂದು ನಾನ ಕಂಡೇನಿ.”

ಬಸಲಿಂಗವ್ವ ಆ ಮಾತನ್ನು ನಂಬಿಬಿಟ್ಟಳು. ಮರುದಿನವೇ ಪರದೇಶದವರ ದೊಡ್ಡ ತಂಡವೊಂದು ಊಟಕ್ಕೆ ಬರುವುದಿತ್ತು. ಇಂಥ ಹೊತ್ತಿನಲ್ಲಿ ಕಾಶವ್ವ ಕೈಕೊಟ್ಟರೆ? ಕ್ಲಾಸಿಗೆ ಹೋಗುವ ದಾರಿಯಲ್ಲೇ ಕಾಶವ್ವನ ಮನೆಯಿತ್ತು. ದಿನಾ ಅದರ ಮುಂದೆ ಹಾಯುತ್ತಿದ್ದಳು, ಒಳಗೆ ಮಾತ್ರ ಇಣುಕಲಿಲ್ಲ. ಹೊಗೆ ನೋಡುವುದು, ಹಲ್ಲು ಕಡಿಯುವುದು, ಮುಂದೆ ಹೋಗುವುದು.

ಅವತ್ತು ಮಧ್ಯಾಹ್ನ ಕಾಶವ್ವ ಎದ್ದು ನಿಂತಾಗ ಸೆರಗಿನಿಂದ ಅರ್ಧ ಹೆಚ್ಚಿದ ಉಳ್ಳಾಗಡ್ಡಿ ಕೆಳಗೆ ಬಿತ್ತು.

“ಉಂಡ ಮನಿಗೆ ಎರಡು ಬಗೀತಿ?” ಬಸಲಿಂಗವ್ವ ಉಣ್ಣುತ್ತಿದ್ದವರ ಎದುರಿಗೇ ಚೀರಿದಳು. “ಕಳ್ಳಿ! ನಡಿ ಹೊರಗ. ನಾಳಿಂದ ಬರಬ್ಯಾಡ.”

ಉಣ್ಣುವವರ ಕೈ ತಾಟಿನಲ್ಲೇ ನಿಂತವು. ಕಾಶವ್ವ ಕೈಗಂಟಿದ ಹಿಟ್ಟು ಒರೆಸಿಕೊಂಡು ಹೊರಟುಹೋದಳು.

ಆ ದಿನ ಕ್ಲಾಸಿನಲ್ಲಿ ‘ಫೈಂಡ್ ಔಟ್’ ಎಂಬ ಮಾತಿನ ಪಾಠ. ಮಾಸ್ತರರು ಹೇಳಿದರು: “ಕಳಕೊಂಡ ಕೀಲಿಕೈ ಸಿಕ್ಕರ ಬರೇ ಫೈಂಡ್. ಗೊತ್ತಿಲ್ಲದ ಸಂಗತಿ ಕೇಳಿ, ನೋಡಿ ತಿಳಕೊಂಡ್ರ ಅದು ಫೈಂಡ್ ಔಟ್. ಬಸ್ ಯಾವಾಗ ಬಿಡ್ತದ ಗೊತ್ತಿಲ್ಲ, ಸ್ಟ್ಯಾಂಡಿಗೆ ಹೋಗಿ ಕೇಳಿದ್ರಿ, ಫೈಂಡ್ ಔಟ್ ಮಾಡಿದ್ರಿ. ಆಗಿಹೋದದ್ದಕ್ಕ ಫೌಂಡ್ ಔಟ್. ಯಾರರೆ ಒಂದು ವಾಕ್ಯ ಹೇಳ್ರಿ.”

ಬಸಲಿಂಗವ್ವ ಸಿಟ್ಟಿನಲ್ಲೇ ಎದ್ದಳು. “ಐ ಫೌಂಡ್ ಔಟ್. ಕಾಶವ್ವ ಈಸ್ ಥೀಫ್.”

“ಕಾಶವ್ವನ್ನ ಕೇಳಿದ್ರೇನ್ರಿ?”

“ಇಲ್ರಿ.”

“ಅವರ ಮನಿಗೆ ಹೋಗಿ ನೋಡಿದ್ರಿ?”

“ನೋಡೂದೇನದರಿ, ಎಲ್ಲಾ ತಿಳೀತದ. ಹೊಗಿ ಬರ್ತದ. ಮಹಾನಂದಾನೂ ಹೇಳಿದ್ಲು.”

“ಹಂಗಾದ್ರ ಆ ಮಾತು ಇಲ್ಲಿ ಬರೂದಿಲ್ರಿ ಬಸಲಿಂಗವ್ವಾರ,” ಎಂದರು ಮಾಸ್ತರರು ಮೆಲ್ಲಗೆ. “ನೀವು ಬರೇ ಸಂಶಯ ಪಟ್ಟೀರಿ. ತಿಳಕೊಂಡಿಲ್ಲ.”

ಬಸಲಿಂಗವ್ವ ಕೂರಲಿಲ್ಲ. ಚಪ್ಪಲಿ ಮೆಟ್ಟಿ ನೇರ ಕಾಶವ್ವನ ಹಿತ್ತಲಿಗೆ ನಡೆದಳು. ಅಲ್ಲಿ ಖಾನಾವಳಿ ಇಡುವಂಥದ್ದು ಏನೂ ಇರಲಿಲ್ಲ. ಒಂದೇ ಒಲೆ, ಅದರ ಮೇಲೆ ಒಂದು ಹಂಚು, ಪಕ್ಕದಲ್ಲಿ ಕಾಶವ್ವ.

“ಇದ್ಯಾಕ ಕಾಶವ್ವಾ?”

“ಈಗ ಕೇಳಿದಿ ನೋಡು,” ಎಂದಳು ಕಾಶವ್ವ. “ನಿನ್ನ ಹಂಚಿಗೆ ತಳದಾಗ ಬಿರುಕು ಬಿಟ್ಟೈತಿ ಯಕ್ಕಾ. ಇಂದೋ ನಾಳೆಯೋ ಹೋಳಾಗತೈತಿ. ಹೊಸಾ ಹಂಚಿನ ಮ್ಯಾಲ ರೊಟ್ಟಿ ಹಾಕಿದ್ರ ಅಂಟಿಕೊಂಡು ಹರೀತಾವ. ಅದಕ್ಕ ದಿನಾ ಕಾಸಿ, ಎಣ್ಣಿ ಸವರಿ, ಉಳ್ಳಾಗಡ್ಡಿ ತಿಕ್ಕಿ ಪಳಗಸಾಕತ್ತೀನಿ. ಪರದೇಶದ ಮಂದಿ ಮುಂದ ನಿನ್ನ ಮಾನ ಹೋಗಬಾರದಲ್ಲ.”

“ನನಗ್ಯಾಕ ಹೇಳಲಿಲ್ಲ?”

“ಅದು ನಿಮ್ಮವ್ವ ಕೊಟ್ಟ ಹಂಚು. ಒಡದೈತಿ ಅಂದ್ರ ನೀ ಅಳತಿದ್ದಿ. ಹೊಸಾದು ತಯಾರಾದ ಮ್ಯಾಲ ಹೇಳೂಣಂತ ಸುಮ್ಮನಿದ್ದೆ.”

ಬಸಲಿಂಗವ್ವನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. “ತಪ್ಪಾತವ್ವಾ. ನಾಳೆ ಬಾ,” ಎಂದಳು.

ಕಾಶವ್ವ ಹಂಚನ್ನು ಚೀಲದಲ್ಲಿ ಸುತ್ತಿ ಅವಳ ಕೈಗಿಟ್ಟಳು. “ಹಂಚು ಒಯ್ಯಿ. ಮಂದಿ ಮುಂದ ಕಳ್ಳಿ ಅಂದಿ. ಅದ ಮಂದಿ ಮುಂದ ಬಂದು ಕೂಡಾಕ ನನಗ ಕಾಲು ಏಳವಲ್ದು.”

ಮರುದಿನ ಬಸಲಿಂಗವ್ವ ತಾನೇ ರೊಟ್ಟಿ ಬಡಿದಳು. ಒಂದು ರೊಟ್ಟಿಯೂ ಹಂಚಿಗೆ ಅಂಟಲಿಲ್ಲ. ಪರದೇಶದವರು ಹೊಟ್ಟೆ ತುಂಬ ಉಂಡು, ಕೈಮುಗಿದು ಹೋದರು. ಆಮೇಲೆ ಆಕೆ ದಿನದ ಗಿರಾಕಿಗಳ ಎದುರು ನಿಂತು, “ಕಾಶವ್ವ ಕಳ್ಳಿ ಅಲ್ರಿ. ನಾನ ಕೇಳದ ನೋಡದ ಅಂದೆ,” ಎಂದು ಹೇಳಿದಳು.

ಆ ಸುದ್ದಿ ಕಾಶವ್ವನಿಗೂ ಮುಟ್ಟಿತು. ಕೆಲವು ದಿನ ಬಿಟ್ಟು ಅವಳು ಬಂದು ಒಲೆಯ ಮುಂದೆ ಕೂತಳು. ರೊಟ್ಟಿ ಮೊದಲಿನಂತೆಯೇ ಉಬ್ಬಿದವು. ಆದರೆ ಅಂದಿನಿಂದ ಒಂದು ಉಳ್ಳಾಗಡ್ಡಿ ಬೇಕಾದರೂ ಕಾಶವ್ವ ಕೈ ಚಾಚುವ ಮೊದಲು ಕೇಳುತ್ತಾಳೆ: “ತಗೊಳ್ಳಲೇನ ಯಕ್ಕಾ?”

ಹಾಗೆ ಕೇಳಿದಾಗಲೆಲ್ಲ ಬಸಲಿಂಗವ್ವನ ಕರುಳು ಚುರುಕ್ಕೆನ್ನುತ್ತದೆ.

ನೀತಿ: ಸಂಶಯ ಯಾರಿಗೂ ಬರಬಹುದು, ಅದು ತಪ್ಪಲ್ಲ. ಅದನ್ನೇ ಸತ್ಯವೆಂದು ಸಾರುವ ಮೊದಲು ಎದುರಿಗೆ ಹೋಗಿ ಕೇಳಿ ತಿಳಿಯಬೇಕು. ತಪ್ಪು ಒಪ್ಪಿಕೊಂಡರೆ ಹೋದ ಮನುಷ್ಯರು ಮರಳಿ ಬಂದಾರು, ಅವರ ಮೊದಲಿನ ಸಲಿಗೆ ಬರುವುದು ಕಷ್ಟ.