ಕಿವಿಯಲ್ಲಿ ಹೇಳಿದ ಮಾತು

“ಗುರುಗಳೇ, ಗುರು ಗುಟ್ಟಾಗಿ ಹೇಳಿದ್ದನ್ನು ಹೊರಗೆ ಹೇಳಿದ ಮಗುವಿಗೆ ಏನು ಶಿಕ್ಷೆ ಕೊಡಬೇಕು?”

ಕೇಳಿದವನು ಮುರಿಗೆಯ್ಯ. ಗುರುಗಳ ಹಳೆಯ ಶಿಷ್ಯ. ಅವರು ಕಟ್ಟಿದ ಶಾಲೆಯನ್ನು ಈಗ ನೋಡಿಕೊಳ್ಳುವವನು ಅವನೇ. ಒಳಗೆ ಬಂದವನು ಬಾಗಿಲು ಹಾಕಿ, ಚಿಲಕ ಸಿಕ್ಕಿಸಿ, ನಮಸ್ಕಾರ ಮಾಡಿ ಕೂತಿದ್ದ.

“ಯಾರ ಮಗು?” ಎಂದರು ಗುರುಗಳು.

“ನಮ್ಮ ಶಾಲೆಯದೇ, ಐದನೆಯ ತರಗತಿಯ ಹುಡುಗಿ. ಸಂಜೆ ಶಾಲೆ ಬಿಟ್ಟ ಮೇಲೆ ಸಂಗೀತದ ಮೇಷ್ಟರು ಅವಳೊಬ್ಬಳಿಗೇ ಬೇರೆಯಾಗಿ ಪಾಠ ಹೇಳುತ್ತಾರೆ. ಯಾರಿಗೂ ಹೇಳಬೇಡ ಎಂದು ಅವರು ಹೇಳಿದ್ದನ್ನು ಈ ಹುಡುಗಿ ಹೋಗಿ ಅಡುಗೆಯ ದೇವೀರಮ್ಮನ ಹತ್ತಿರ ಹೇಳಿದ್ದಾಳೆ. ಮೇಷ್ಟರು ಬಹಳ ನೊಂದುಕೊಂಡಿದ್ದಾರೆ. ಶಾಲೆಯ ಮರ್ಯಾದೆಯ ವಿಷಯ ನೋಡಿ. ಮಾತು ನಮ್ಮಿಬ್ಬರಲ್ಲೇ ಇರಲಿ ಎಂದು ಬಾಗಿಲು ಹಾಕಿಕೊಂಡು ಬಂದೆ.”

“ಭಲೆ! ಬುದ್ಧಿವಂತ,” ಎಂದರು ಗುರುಗಳು. “ಶಿಕ್ಷೆ ಆಮೇಲೆ ಹೇಳುತ್ತೇನೆ. ಮೊದಲು ಒಂದು ಕತೆ ಕೇಳು. ನಡುವೆ ಬಾಯಿ ಹಾಕಬೇಡ.”

ಹಾಗೆಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಅಕ್ಕಸಾಲಿಗನಿದ್ದ. ರಾಜರ ಕಾಲದವನೆಂದು ತಿಳಿಯಬೇಡ. ನಮ್ಮ ಕಾಲದವನೇ, ಮನೆಯಲ್ಲಿ ಮೊಬೈಲ್ ಇತ್ತು, ನೆಟ್ ಇತ್ತು. ಕೆಲಸದಲ್ಲಿ ಗಟ್ಟಿಗ, ಕಾವಲಿನಲ್ಲಿ ಅದಕ್ಕಿಂತ ಗಟ್ಟಿಗ. ಅಂಗಡಿ ಗುಡಿಸಿದ ಕಸವನ್ನು ಜರಡಿ ಹಿಡಿಯದೆ ಹೊರಗೆ ಚೆಲ್ಲುತ್ತಿರಲಿಲ್ಲ. ಹೆಣ್ಣು ಕೊಟ್ಟ ಮಾವ ತಂದ ಉಂಗುರವನ್ನೂ ಒರೆಗಲ್ಲಿಗೆ ತಿಕ್ಕಿ ನೋಡಿದ್ದ. ಮಾವ ಮುನಿಸಿಕೊಂಡು ಊಟ ಬಿಟ್ಟು ಎದ್ದು ಹೋದ. ಹೋದರೆ ಹೋಗಲಿ ಎಂದ, ಪುಣ್ಯಾತ್ಮ. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಮಾತು ಅವನ ಬಾಯಲ್ಲಿ ಸದಾ ಇರುತ್ತಿತ್ತು.

ಅವನಿಗೆ ಒಬ್ಬಳೇ ಮಗಳು. ಹತ್ತು ವರ್ಷದವಳು. ಒಳ್ಳೆಯ ಕಂಠ. ಬಚ್ಚಲಲ್ಲಿ ಹಾಡಿದರೆ ಬೀದಿಗೆ ಕೇಳಿಸುತ್ತಿತ್ತು.

ಅವಳ ಶಾಲೆಗೆ ವಾರಕ್ಕೊಮ್ಮೆ ಒಬ್ಬ ಸಂಗೀತದ ಮೇಷ್ಟರು ಬರುತ್ತಿದ್ದರು. ಬಿಳಿ ಪಂಚೆ, ಮೆತ್ತನೆಯ ಮಾತು. ಎಲ್ಲ ಮಕ್ಕಳ ನಡುವೆ ಪಾಠ ನಡೆಯುವಷ್ಟು ದಿನ ಹುಡುಗಿ ಕುಣಿದುಕೊಂಡು ಮನೆಗೆ ಬರುತ್ತಿದ್ದಳು. ಆಮೇಲೆ ಮೇಷ್ಟರು ಮನೆಗೇ ಬಂದರು. ಕಾಫಿ ಕುಡಿದರು. “ನಿಮ್ಮ ಮಗಳು ಎಲ್ಲರಂತಲ್ಲ, ಇವಳಿಗೆ ಬೇರೆಯಾಗಿಯೇ ಕಲಿಸಬೇಕು. ಸಂಜೆ ಹೊತ್ತು ಮೊಬೈಲಿನಲ್ಲಿ ವಿಡಿಯೊ ಕಾಲ್ ಮಾಡಿ ಪಾಠ ಹೇಳುತ್ತೇನೆ, ನನಗೆ ಏನೂ ಕೊಡಬೇಡಿ,” ಎಂದರು.

ಅಕ್ಕಸಾಲಿಗ ಹಿಗ್ಗಿ ಹೀರೇಕಾಯಿಯಾದ. ಮಾವನ ಉಂಗುರವನ್ನು ತಿಕ್ಕಿ ನೋಡಿದವನು, ಈ ಮನುಷ್ಯ ಎಲ್ಲಿಯವನು, ಹಿಂದಿನ ಊರು ಯಾಕೆ ಬಿಟ್ಟ ಎಂದು ಒಂದು ಮಾತು ಕೇಳಲಿಲ್ಲ. ಹೆಂಡತಿ, “ಯಾರನ್ನಾದರೂ ವಿಚಾರಿಸಬಾರದೇ?” ಎಂದಳು. “ಗುರುವನ್ನು ಒರೆಗೆ ಹಚ್ಚುತ್ತಾರೇನೇ? ನಾಲಿಗೆ ಬಿದ್ದುಹೋದೀತು!” ಎಂದು ಗದರಿದ. ಕೇಳಿದೆಯಾ ಮುರಿಗೆಯ್ಯ? ಬಂಗಾರಕ್ಕೆ ಒರೆಗಲ್ಲು, ಮಗಳ ವಿಷಯಕ್ಕೆ ಬರೀ ಕೈಮುಗಿಯುವುದು. ಥೂ!

ಮೇಷ್ಟರು ಹೇಳಿದರೆಂದು ಇಯರ್‌ಫೋನ್ ತಂದುಕೊಟ್ಟ. ಒಳಕೋಣೆ ಬಿಟ್ಟುಕೊಟ್ಟ. ಪಾಠದ ಹೊತ್ತಿಗೆ ತಾನೇ ಎದ್ದು ಬಾಗಿಲು ಎಳೆಯುತ್ತಿದ್ದ. ಹೆಂಡತಿ ಉಪ್ಪಿನಕಾಯಿ ಭರಣಿಗೆಂದು ಆ ಕಡೆ ಹೋದರೂ ತುಟಿಯ ಮೇಲೆ ಬೆರಳಿಟ್ಟು ತಡೆಯುತ್ತಿದ್ದ.

ಬರಬರುತ್ತಾ ಹುಡುಗಿ ಹಾಡುವುದನ್ನು ಬಿಟ್ಟಳು. ಪಾಠದ ಹೊತ್ತಾದರೆ ಹೊಟ್ಟೆನೋವು ಎನ್ನುತ್ತಿದ್ದಳು. ತಾಯಿ ಓಮದ ಕಷಾಯ ಕುಡಿಸಿದಳು. ಅದಕ್ಕೂ ಬಗ್ಗದಿದ್ದಾಗ, ಯಾರದೋ ಕೆಟ್ಟ ಕಣ್ಣು ಬಿದ್ದಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಕೆಟ್ಟ ಕಣ್ಣು ಬಿದ್ದದ್ದು ನಿಜವೇ. ಪಾಪ, ದೃಷ್ಟಿ ತೆಗೆದು ಆದ ಮೇಲೆ ಮಗುವನ್ನು ಕರೆದುಕೊಂಡು ಹೋಗಿ ಅದೇ ಕಣ್ಣಿನ ಮುಂದೆ ಕೂರಿಸಿದಳು.

ಒಂದು ದಿನ ಹುಡುಗಿ ತಾನಾಗಿಯೇ ಅಂಗಡಿಗೆ ಬಂದು ಅಪ್ಪನ ಪಕ್ಕದಲ್ಲಿ ಕೂತಳು. ಎಷ್ಟೋ ಹೊತ್ತು ಲಂಗದ ಅಂಚನ್ನು ಸುತ್ತುತ್ತಾ ಕೂತಿದ್ದಳು. ಕಡೆಗೆ ಬಾಯಿ ಬಿಟ್ಟಳು.

“ಅಪ್ಪಾ, ಮೇಷ್ಟ್ರು ನನ್ನ ಕಿವೀಲಿ ಏನೇನೋ ಹೇಳ್ತಾರೆ. ಯಾರಿಗೂ ಹೇಳ್ಬೇಡ ಅಂತಾರೆ.”

ಈಗ ನೋಡು ಈ ನೆಲದವರು ಮಾತ್ರ ಮಾಡಬಹುದಾದ ತಪ್ಪನ್ನು. ನಮ್ಮಲ್ಲಿ ಉಪದೇಶ ಎಂದರೇನು? ಗುರು ಶಿಷ್ಯನ ಕಿವಿಯಲ್ಲಿ ಹೇಳುವ ಮಾತು. ಮೂರನೆಯವರಿಗೆ ಕೇಳಿಸಬಾರದು, ಮೂರನೆಯವರಿಗೆ ಹೇಳಬಾರದು. ಅಕ್ಕಸಾಲಿಗನ ಅಜ್ಜಿ ತನ್ನ ಉಪದೇಶದ ಮಾತನ್ನು ಸಾಯುವತನಕ ಗಂಡನಿಗೂ ಹೇಳಿರಲಿಲ್ಲ. ಇವನಿಗೆ ಅದೇ ನೆನಪಾಯಿತು. ಕಣ್ಣಲ್ಲಿ ನೀರು ಬಂತು.

“ಇಷ್ಟು ಚಿಕ್ಕವಳಿಗೆ ಗುರುಗಳು ಉಪದೇಶ ಕೊಟ್ಟರೇ! ನಮ್ಮ ವಂಶ ಉದ್ಧಾರವಾಯ್ತು,” ಎಂದು ಮಗಳ ತಲೆ ಸವರಿದ. “ಹೇಳಬಾರದು ಮಗಳೇ. ಯಾರಿಗೂ ಹೇಳಬೇಡ. ನನಗೂ ಹೇಳಬೇಡ.”

ಹುಡುಗಿ ಅಪ್ಪನ ಮುಖ ನೋಡಿದಳು. ಆಮೇಲೆ ಎದ್ದು ಮನೆಗೆ ಹೋದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಚೊಂಬಿನಿಂದ ಒಂದು ಗುಟುಕು ನೀರು ಕುಡಿದರು.

“ಈ ಕತೆ ಹೇಳುವುದು ನನಗೂ ಸುಲಭವಲ್ಲವಯ್ಯಾ,” ಎಂದರು. “ಇರಲಿ, ಮುಂದೆ ಕೇಳು.”

ಒಂದು ಸಂಜೆ ಪಕ್ಕದೂರಿನ ಯಾರೋ ಹಳೆಯ ಒಡವೆ ಮಾರಲು ಮನೆಗೇ ಬಂದರು. ಒರೆಗಲ್ಲು ಒಳಕೋಣೆಯ ಗೂಡಿನಲ್ಲಿ ಉಳಿದಿತ್ತು. ಪಾಠದ ಹೊತ್ತು ಬೇರೆ. ಅಕ್ಕಸಾಲಿಗ ಸದ್ದಾಗದಂತೆ ಬಾಗಿಲು ತಳ್ಳಿ, ತುದಿಗಾಲಲ್ಲಿ ಒಳಗೆ ಹೋದ.

ಹುಡುಗಿ ಹಾಡುತ್ತಿರಲಿಲ್ಲ. ಹೊದಿಕೆಯನ್ನು ಕುತ್ತಿಗೆಯತನಕ ಸುತ್ತಿಕೊಂಡು, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ದನಿ ಹೊರಡದಂತೆ ಅಳುತ್ತಿದ್ದಳು. ಅಪ್ಪನನ್ನು ಕಂಡು ಬೆಚ್ಚಿಬಿದ್ದಳು. ತಾನೇ ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ತಲೆ ಅಲ್ಲಾಡಿಸಿದಳು. ಅವನಿಗೆ ಒಂದೂ ಅರ್ಥವಾಗಲಿಲ್ಲ. ಅವಳ ಕಿವಿಯಿಂದ ಇಯರ್‌ಫೋನ್ ತೆಗೆದು ತನ್ನ ಕಿವಿಗೆ ಇಟ್ಟುಕೊಂಡ.

ಅಯ್ಯೋ ಶಿವನೇ! ಅಲ್ಲಿ ಸ್ವರವಿರಲಿಲ್ಲ, ತಾಳವಿರಲಿಲ್ಲ. ಮಗುವಿನ ಕಿವಿಗೆ ಬೀಳಬಾರದ ಮಾತು ಇತ್ತು. ಅದನ್ನು ನಾನು ಆಡಲಾರೆ, ನೀನು ಕೇಳಲಾರೆ. ಹೇಳಿದ ಹಾಗೆ ಕೇಳದಿದ್ದರೆ ನಿನ್ನ ಅಪ್ಪನಿಗೆ ಹೇಳಿ ನಿನ್ನನ್ನೇ ಹೊಡೆಸುತ್ತೇನೆ ಎಂಬ ಬೆದರಿಕೆಯೂ ಇತ್ತು. ಅಪ್ಪ ಅಲ್ಲೇ ನಿಂತು ಅದನ್ನು ಕೇಳಿದ. ಹೊರಗೆ ಗಿರಾಕಿಗಳು ಕರೆಯುತ್ತಿದ್ದರು. ಅವನಿಗೆ ಕೇಳಿಸಲೇ ಇಲ್ಲ.

ಆ ಮನುಷ್ಯನನ್ನು ಪೊಲೀಸರು ಹಿಡಿದುಕೊಂಡು ಹೋದರು. ಆಗ ಬಯಲಾಯಿತು: ಹಿಂದಿನ ಊರಿನಲ್ಲೂ ಇದೇ, ಅದರ ಹಿಂದಿನ ಊರಿನಲ್ಲೂ ಇದೇ. ಒಂದು ಕಡೆ ಎಲ್ಲರೂ ಊಟಕ್ಕೆ ಹೋದ ಮೇಲೆ ತರಗತಿಯಲ್ಲಿ, ಇನ್ನೊಂದು ಕಡೆ ಮನೆಪಾಠದ ಕೋಣೆಯಲ್ಲಿ. ಮಕ್ಕಳು ಹೇಳಿದ್ದರು. ದೊಡ್ಡವರು ಶಾಲೆಯ ಮರ್ಯಾದೆ ಎಂದು ಮಕ್ಕಳ ಬಾಯಿ ಮುಚ್ಚಿಸಿ, ಅವನಿಗೆ ಹಾರ ಹಾಕಿ ಬೇರೆ ಊರಿಗೆ ಕಳಿಸಿದ್ದರು. ಹಾರ ಹಾಕಿ, ಮುರಿಗೆಯ್ಯ!

ಎಲ್ಲ ಆದ ಮೇಲೆ ಅಕ್ಕಸಾಲಿಗ ಮಗಳ ಮುಂದೆ ಕೂತ.

“ನನಗೆ ಒಂದು ಮಾತು ಯಾಕೆ ಹೇಳಲಿಲ್ಲ ಮಗಳೇ?”

“ಹೇಳೋಕೆ ಅಂತಾನೇ ಅವತ್ತು ಅಂಗಡಿಗೆ ಬಂದಿದ್ದೆ,” ಎಂದಳು ಹುಡುಗಿ. “ನನಗೂ ಹೇಳಬೇಡ ಅಂದೆಯಲ್ಲಪ್ಪಾ.”

ಕತೆ ಇಷ್ಟೇ, ಎಂದರು ಗುರುಗಳು.

ಮುರಿಗೆಯ್ಯ ಹೇಳಿದ: “ಆದರೆ ಗುರುಗಳೇ, ಅವನು ನೀಚ. ನಮ್ಮ ಮೇಷ್ಟರು ಹಾಗಲ್ಲ, ಅಪ್ಪಟ ಬಂಗಾರ.”

“ಬಂಗಾರವಾದರೆ ಒರೆಗಲ್ಲಿಗೆ ಯಾಕೆ ನೊಂದುಕೊಳ್ಳುತ್ತದೆ? ವಿಚಾರಣೆ ಆಗುವತನಕ ಅವರು ಯಾವ ಮಗುವಿಗೂ ಪಾಠ ಹೇಳುವುದು ಬೇಡ. ಹುಡುಗಿಯ ತಾಯಿಯನ್ನು ಈಗಲೇ ಕರೆಸು. ದೇವೀರಮ್ಮನೂ ಬರಲಿ.”

ಗುರುಗಳು ಎದ್ದರು. ಗೋಡೆ ಹಿಡಿದುಕೊಂಡು ನಿಧಾನವಾಗಿ ನಡೆದು ಹೋಗಿ, ಮುರಿಗೆಯ್ಯ ಹಾಕಿದ್ದ ಚಿಲಕ ತೆಗೆದು, ಎರಡೂ ಕದಗಳನ್ನು ಗೋಡೆಯತನಕ ತೆರೆದರು. ಅಂಗಳದಲ್ಲಿ ಆಡುತ್ತಿದ್ದ ಮಕ್ಕಳ ಗದ್ದಲ ಒಳಗೆ ಬಂತು. ಅವರು ಹೊಸ್ತಿಲ ಮೇಲೆಯೇ ನಿಂತು ಹಿಂದಕ್ಕೆ ತಿರುಗಿದರು.

“ಏನು ಶಿಕ್ಷೆ ಎಂದು ನನ್ನನ್ನು ಕೇಳಲು ಓಡಿ ಬಂದೆಯಲ್ಲ, ಏನಾಯಿತು ಎಂದು ಆ ಮಗುವನ್ನು ಕೇಳಿದೆಯಾ?”